ಕೆಂಪು ತೇಪೆ

ಹೇಳಿದರೆ ಯಾರೂ ನಂಬುವುದಿಲ್ಲ. ನಂಬಬೇಡಿ.
ಎಲ್ಲಿಗೋ ಹೋಗಬೇಕಿದ್ದ ಹಡಗು ಕೆಟ್ಟು ಬೈತಖೋಲದಲ್ಲಿ ನಿಂತು
ನಲವತ್ತಮೂರನೇ ಇಸವಿಯ ಮಾಘದಲ್ಲಿ
ಕೋಡಿಬಾಗದ ಮಳಲಿಗೆ, ಗಾಳಿಮರದ ಸಾಲಿನಾಚೆ,
ಪೆಟ್ಟಿಗೆಯೊಳಗೆ ಬಂತು ವಿಮಾನ.

ಮಚ್ವೆಯ ಮೇಲೆ ಅಡ್ಡ ಮಲಗಿಸಿ ತಂದರು,
ಹೆಣ ತಂದ ಹಾಗೆ, ಮೆಲ್ಲಗೆ.
ಒಂದರಲ್ಲಿ ಮೈ, ಒಂದರಲ್ಲಿ ಬಾಲ,
ಇನ್ನೆರಡರಲ್ಲಿ ರೆಕ್ಕೆ. ಬಿಚ್ಚಿ ನೋಡಿದರೆ ಎರಡೂ ಎಡದ್ದು.
ಕಾರ್ಪೊರಲ್ ಪಿಮ್ ಮಳಲಲ್ಲೇ ಕುಕ್ಕರಿಸಿದ.
ಅವನ ಬೈಗುಳವನ್ನು ಇನಾಸ ಮಾಸ್ತರು ಕನ್ನಡಕ್ಕೆ ತರಲಿಲ್ಲ.
ಬಲದ ರೆಕ್ಕೆ ಬರಲು ಇಪ್ಪತ್ತೆರಡು ದಿನ.
ಅಷ್ಟರಲ್ಲಿ ಇಂಜಿನ್ನಿನ ಗೋಣಿಯೊಳಗೆ
ಏಡಿಗಳು ಸಂಸಾರ ಹೂಡಿದ್ದವು.

ಕ್ರೇನಿಲ್ಲ. ಜಟ್ಟಿ ಮೇಸ್ತ ಮೂರು ಗಾಳಿಮರ ಕಡಿಸಿ
ತುದಿಗೆ ಸುಂಬದ ಹಗ್ಗ ಬಿಗಿದು ಕಪ್ಪಿ ತೂಗಿಸಿದ.
ದೋಣಿ ಎಳೆಯುವವರೇ ಎಳೆದರು, ದೋಣಿಯ ಕೂಗೇ ಕೂಗಿ.
ಐಸಾ ಎಂದರೆ ಏಳಬೇಕು, ಅದಕ್ಕೂ ಗೊತ್ತಿತ್ತು.
ಪಾನಾ ಇದ್ದದ್ದು ಎರಡು. ಒಂದು ನೀರಿಗೆ ಬಿತ್ತು,
ಇಳಿತ ಬರುವವರೆಗೆ ಎಲ್ಲರೂ ಕಾದು ಕೂತೆವು.
ಕೂರದ ಬೋಲ್ಟಿಗೆ ಪುರಸು ಆಚಾರಿಯ ಅರ,
ತುಕ್ಕಿಗೆ ತೆಂಗಿನೆಣ್ಣೆ,
ಮಟ್ಟ ನೋಡಲು ಬಸಿಯಲ್ಲಿ ನೀರು.
ಪಿಮ್ ಮೊದಮೊದಲು ಪುಸ್ತಕ ತೆರೆದು ತೋರಿಸುತ್ತಿದ್ದ;
ಆಮೇಲೆ ಪುಸ್ತಕದ ಮೇಲೆ ಕೂತು ಗಂಜಿ ಉಂಡ.

ನನ್ನಪ್ಪ ಸಾತೂ ತಾಂಡೇಲ, ಹಾಯಿ ಹೊಲಿಯುವವನು.
ಬಾಲದ ಬಟ್ಟೆ ದಾರಿಯಲ್ಲೆಲ್ಲೋ ಇಲಿ ಕಡಿದು
ಮೊಳದುದ್ದ ಹರಿದಿತ್ತು. ಅಪ್ಪ ಬೆರಳಾಡಿಸಿ,
‘ಒಳ್ಳೇ ನೂಲು. ನಮ್ಮ ಹಾಯಿಗೆ ಇಂಥದ್ದು ಸಿಗೂದಿಲ್ಲ’ ಎಂದ.
ದಾಬಣ ಹಿಡಿದು ಕೂತ. ಬೆರಳಗಲಕ್ಕೆ ಮೂರು ಹೊಲಿಗೆ,
ಆರಕ್ಕೊಂದು ಗಂಟು. ಪಿಮ್ ಉಗುರಿಂದ ಎಣಿಸಿ
ಏನೂ ಹೇಳದೆ ಸಿಗರೇಟು ಕೊಟ್ಟ.
ಮೇಲೆ ಬಳಿದ ಅಂಟಿಗೆ ಕಳಿತ ಬಾಳೆಹಣ್ಣಿನ ವಾಸನೆ.
ಇವತ್ತಿಗೂ ಮನೆಯಲ್ಲಿ ಗೊನೆ ಹಣ್ಣಾದರೆ
ನನಗೆ ತಲೆ ತಿರುಗುತ್ತದೆ.

ಕಡೆಯ ದಿನ ಕೆಂಪು ಬಟ್ಟೆ ಕೊಟ್ಟರು.
ರೆಕ್ಕೆಯ ಮುಂದಂಚಿನಲ್ಲಿ ತೂತು,
ಆ ಕಡೆ ನಾಲ್ಕು, ಈ ಕಡೆ ನಾಲ್ಕು.
ಮುಚ್ಚಬೇಕಂತೆ, ಮಳಲು ಹೊಗದ ಹಾಗೆ.
ನೀನು ಕತ್ತರಿಸು ಅಂದ ಅಪ್ಪ. ನನಗೆ ಎಂಟು ವರ್ಷ.
ಆಯಿಯ ಕುಂಕುಮದ ಭರಣಿ ತಂದು
ಮುಚ್ಚಳ ಇಟ್ಟು ಸುತ್ತ ಗೀಚಿದೆ, ಕತ್ತರಿಸಿದೆ.
ಅಪ್ಪ ಅಂಚು ಮಡಿಸಿ ಹೊಲಿಯಹೊರಟ.
ಪಿಮ್ ಕೈ ಅಡ್ಡ ಹಿಡಿದ. ಬೇಡ. ಬರೇ ಅಂಟಿಸು.
‘ಗಟ್ಟಿ ನಿಲ್ಲೂದಿಲ್ಲ.’
‘ನಿಲ್ಲಬಾರದು’ ಎಂದರು ಇನಾಸ ಮಾಸ್ತರು. ತುಸು ತಡೆದು,
‘ಮೊದಲನೇ ಗುಂಡು ಇದನ್ನು ಹರಿದುಕೊಂಡೇ ಹೋಗಬೇಕಂತೆ.’

ಅಪ್ಪನ ಕೈ ಅಷ್ಟು ಹೊತ್ತು ಸುಮ್ಮನಿದ್ದದ್ದು
ನಾನು ಮತ್ತೆ ನೋಡಲಿಲ್ಲ.
ಹುಟ್ಟಿದಾಗಿಂದ ತೇಪೆ ಹಾಕಿದವನು,
ಹರಿಯಲಿ ಅಂತ ಹಾಕಿದವನಲ್ಲ.
ನಾಲ್ಕು ಅವನು ಅಂಟಿಸಿದ.
ಬಲದ ರೆಕ್ಕೆಯ ನಾಲ್ಕು, ನಾನು.
ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ.

ಇಳಿತಕ್ಕೆ ಬಿಗಿದ ಮಳಲ ಮೇಲೆ ಓಡಿ
ಕೂರ್ಮಗಡದ ಹತ್ತಿರ ವಾಲಿ, ತಿರುಗಿ,
ನಮ್ಮ ತಲೆಯ ಮೇಲಿಂದ ಮೂಡಲಿಗೆ ಹೋಯಿತು.
ಬಡಗಣಕ್ಕೆ ಅರ್ಧ ದಿನ ನಡೆದರೆ ಗೋವೆ;
ಅಲ್ಲಿ ಆ ಯುದ್ಧವೇ ಇರಲಿಲ್ಲ, ರಾತ್ರಿ ದೀಪ ಉರಿಸುತ್ತಿದ್ದರು.

ಅಪ್ಪ ಹೊಲಿದ ಹಾಯಿ ಅಳವೆ ದಾಟಿದರೆ
ಯಾವುದು ಬಂತು ಯಾವುದು ಬರಲಿಲ್ಲ
ಸಂಜೆಗೆ ಗೊತ್ತಾಗುತ್ತಿತ್ತು.
ಇದರದು ಗೊತ್ತಾಗಲಿಲ್ಲ. ಕೇಳುವುದಾದರೂ ಯಾರನ್ನು?
ಪಿಮ್ ಕೂಡ ಹೆಚ್ಚಿನ ಎಡ ರೆಕ್ಕೆ ಹೇರಿಕೊಂಡು ಹೊರಟುಹೋಗಿದ್ದ.

ಪೆಟ್ಟಿಗೆಯ ಹಲಗೆಯಲ್ಲಿ ಮೀನೊಣಗಿಸುವ ಅಟ್ಟ ಕಟ್ಟಿದೆವು.
ಕತ್ತರಿಸಿ ಉಳಿದ ಕೆಂಪು ಬಟ್ಟೆ, ಎಂಟು ಗುಂಡನೆ ತೂತಿನದು,
ಆಯಿ ಅದನ್ನು ಗಳುವಿಗೆ ಕಟ್ಟಿ
ಅಟ್ಟದ ತುದಿಗೆ ನಿಲ್ಲಿಸಿದಳು, ಕಾಗೆ ಬರದಿರಲಿ ಅಂತ.
ಕಾಗೆಗಳು ಎರಡು ದಿನ ಹೆದರಿದವು.